ನಾದ ಮೇಲ್ಹಲಗೆಯಲ್ಲಿದೆ, ಬೀಟೆಯಲ್ಲಲ್ಲ

ನಮಸ್ಕಾರ. ಕಳೆದ ಕಂತಿನಲ್ಲಿ, ಹಿಂಬದಿಗೂ ಪಕ್ಕಗಳಿಗೂ ಹಲಸಿನ ಮರ ಬಳಸಿದ ಅಕೂಸ್ಟಿಕ್ ಗಿಟಾರನ್ನು ನಮ್ಮ ಕಾರವಾರದ ಕೊಟ್ಟಿಗೆಯಿಂದ ತೋರಿಸಿದ್ದೆ. ನಾನು ಅದನ್ನು ನುಡಿಸುವುದು ವಿಡಿಯೋದ ಕೊನೆಯಲ್ಲಿ. ಅಲ್ಲಿಯವರೆಗೆ ನೋಡುವಷ್ಟು ಹೊತ್ತೂ ಆಗಿರಲಿಲ್ಲ, ವೀಕ್ಷಕರೊಬ್ಬರು ಬರೆದೇಬಿಟ್ಟರು: "ಕೆಲಸ ಅಚ್ಚುಕಟ್ಟಾಗಿದೆ, ಆದರೆ ಬೀಟೆ ಇಲ್ಲದಿದ್ದರೆ ಅದು ಗಿಟಾರಲ್ಲ, ಪೆಟ್ಟಿಗೆ." ಬೀಟೆ ಎಂದರೆ ರೋಸ್‌ವುಡ್, ದುಬಾರಿ ಮರ. ಅವರು ನಾದವನ್ನು ಕೇಳಿ ತೀರ್ಪು ಕೊಟ್ಟವರಲ್ಲ, ಮರದ ಹೆಸರನ್ನು ಕೇಳಿ ಕೊಟ್ಟವರು.

ಆದ್ದರಿಂದ ಇಂದು ಒಂದೇ ಮಾತು. ಗಿಟಾರಿನ ನಾದ ಇರುವುದು ಮೇಲ್ಹಲಗೆಯಲ್ಲಿ, ಅಂದರೆ ತಂತಿಗಳ ಕೆಳಗಿರುವ ಮುಂಭಾಗದ ತೆಳು ಹಲಗೆಯಲ್ಲಿ. ತಂತಿಯ ಕಂಪನ, ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಮರದ ತುಂಡಾದ ಬ್ರಿಡ್ಜಿನ ಮೂಲಕ ಮೇಲ್ಹಲಗೆಗೆ ಇಳಿಯುತ್ತದೆ, ಆ ಹಲಗೆ ಗಾಳಿಯನ್ನು ನೂಕುತ್ತದೆ, ನಮ್ಮ ಕಿವಿಗೆ ಬರುವುದು ಬಹುಪಾಲು ಅದೇ. ಉಕ್ಕಿನ ಆರು ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. ಆ ಎಳೆತಕ್ಕೆ ಕುಸಿಯದಷ್ಟು ಗಟ್ಟಿಯಾಗಿಯೂ ಬೆರಳ ತುದಿಯ ಮೀಟಿಗೆ ಮಿಡಿಯುವಷ್ಟು ಹಗುರವಾಗಿಯೂ ಹಲಗೆಯನ್ನು ಉಳಿಸಿಕೊಳ್ಳುವುದೇ ಈ ಕೆಲಸದ ಹೆಚ್ಚಿನ ಪಾಲು. ಹಲಗೆಯ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಮೇಲ್ಹಲಗೆಗೆ ಬಳಸುವ ಹಗುರ ಮರವಾದ ಸ್ಪ್ರೂಸಿನ 3 ಮಿಲಿಮೀಟರ್ ಹಲಗೆಯನ್ನು 2.7ಕ್ಕೆ ಇಳಿಸಿದರೆ ದಪ್ಪದಲ್ಲಿ ಹೋಗುವುದು ಹತ್ತರಲ್ಲಿ ಒಂದು ಪಾಲು, ಬಿಗಿತದಲ್ಲಿ ಹೋಗುವುದು ಕಾಲು ಪಾಲಿಗಿಂತ ಹೆಚ್ಚು. ಎರಡೂ ಹೆಬ್ಬೆರಳುಗಳಿಂದ ಹಲಗೆಯನ್ನು ಬಾಗಿಸಿ, ತಟ್ಟಿ, ಒಳಗೆ ಆಧಾರಕ್ಕೆ ಅಂಟಿಸಿದ ಮರದ ಪಟ್ಟಿಗಳಾದ ಬ್ರೇಸುಗಳ ತುದಿಯನ್ನು ಉಳಿಯಿಂದ ತುಸು ತುಸುವೇ ಕೆತ್ತಿ ಮತ್ತೆ ತಟ್ಟಿದಾಗ, ಮೊದಲು ಮೊಂಡಾಗಿದ್ದ ಸದ್ದು ಬಿಚ್ಚಿಕೊಂಡು ಹೆಚ್ಚು ಹೊತ್ತು ಉಳಿಯತೊಡಗುತ್ತದೆ. ಈ ಬದಲಾವಣೆಯನ್ನು ಒಮ್ಮೆ ಕೇಳಿದವರು ಹಿಂಬದಿಯ ಮರಕ್ಕಾಗಿ ಜಗಳವಾಡಲಾರರು.

ಇದು ಇಂದು ನಿನ್ನೆಯ ತಿಳಿವಳಿಕೆಯಲ್ಲ. ಸ್ಪೇನಿನ ಆಂಟೋನಿಯೋ ದೆ ಟೋರೆಸ್ 1862ರಲ್ಲಿಯೇ ಹಿಂಬದಿಯನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿ, ಒಳ್ಳೆಯ ಮೇಲ್ಹಲಗೆ ಕೂರಿಸಿ ಗಿಟಾರ್ ಕಟ್ಟಿದರು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂಬದಿ ಮತ್ತು ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಆಗಿರುವಂತೆ ಕಟ್ಟಿಸಿದ ಆರು ಗಿಟಾರುಗಳನ್ನು 52 ವಾದಕರು ನುಡಿಸಿದರು. ಮರ ಕಾಣದಂತೆ ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಹಾಕಿದ್ದರು. ಬ್ರೆಜಿಲಿನ ರೋಸ್‌ವುಡ್, ನಮ್ಮ ಬೀಟೆ, ಅಗ್ಗದ ಸಪೇಲಿ ಎಲ್ಲವೂ ಅಲ್ಲಿದ್ದವು. ದುಬಾರಿ ಮರದ ನಾದವೇ ಮೇಲು ಎಂದು ಅವರ ಕಿವಿ ಹೇಳಲಿಲ್ಲ.

"ಹಳೆಯ ಹೆಸರಾಂತ ಗಿಟಾರುಗಳೆಲ್ಲ ರೋಸ್‌ವುಡ್ಡಿನವೇ ಅಲ್ಲವೇ?" ಎನ್ನುವವರಿದ್ದಾರೆ. ಆ ಗಿಟಾರುಗಳ ಮೇಲ್ಹಲಗೆಯನ್ನು ಆಯ್ದ ಕೈ ಯಾವುದು, ಬ್ರೇಸ್ ಕೆತ್ತಿದ ಕೈ ಯಾವುದು ಎಂದು ಮೊದಲು ಕೇಳಿ. ನಮ್ಮ ಯಕ್ಷಗಾನದ ಮದ್ದಲೆಯ ನಾದ ಮೊದಲು ಚರ್ಮದ ಮುಚ್ಚಿಗೆಯಲ್ಲಿ ಹುಟ್ಟುತ್ತದೆಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಗಿಟಾರಿನ ವಿಷಯಕ್ಕೆ ಬಂದಾಗ ಮಾತ್ರ ದೊಡ್ಡವರಿಗೆ ಒಡಲಿನ ಮರವೇ ದೇವರಾಗಿಬಿಡುತ್ತದೆ! ವೀಣೆಯನ್ನು ತಲೆಮಾರುಗಳಿಂದ ಹಲಸಿನಲ್ಲೇ ಕಡೆದ ನಾಡಿನವರು ಹಲಸನ್ನು ಪೆಟ್ಟಿಗೆಯ ಮರ ಎನ್ನುವುದು ನನಗೆ ಸಹಿಸಲಾಗದ ಮಾತು.

ಮಿಥ್ಯೆ ಎಷ್ಟು ಬೇಗ ಬೇರೂರುತ್ತದೆ ನೋಡಿ. ನಮ್ಮ ಬಳಗದ ಗೆಳೆಯರೊಬ್ಬರು, ಅಂಟು ಒಣಗುವಾಗ ಚಂಡೆ ಕೇಳಿಸಿದರೆ ಗಿಟಾರಿಗೆ ಬಡಗುತಿಟ್ಟಿನ ಗತ್ತು ಬರುತ್ತದೆಂದು ತಮಾಷೆ ಮಾಡಿದರು. ಎಲ್ಲರೂ ನಕ್ಕೆವು. ಮರುದಿನ ಶಿರಸಿಯ ಕಡೆಯ ಹವ್ಯಾಸಿಯೊಬ್ಬರು ಫೋನ್ ಮಾಡಿ, ಎಷ್ಟು ಹೊತ್ತು ಕೇಳಿಸಬೇಕು ಎಂದು ಗಂಭೀರವಾಗಿ ವಿಚಾರಿಸಿದರು. ಬೀಟೆಯ ಕಥೆಯೂ ಹೀಗೆಯೇ ಬೆಳೆದದ್ದು ಎಂಬುದು ನನ್ನ ದೃಢ ನಂಬಿಕೆ.

ಇಲ್ಲಿ ನಿಜವಾಗಿ ಗಿಟಾರನ್ನು ಕೆಡಿಸುವುದು ಮಳೆಗಾಲ. ಜುಲೈನಲ್ಲಿ ಕರಾವಳಿಯ ಮರ ನೀರು ಕುಡಿದು ಅಗಲವಾಗಿರುತ್ತದೆ. ಆಗಲೇ ಬ್ರೇಸ್ ಅಂಟಿಸಿದ ಗಿಟಾರು ಜನವರಿಯಲ್ಲಿ ಧಾರವಾಡಕ್ಕೆ ಹೋದರೆ ಮೇಲ್ಹಲಗೆ ಕುಗ್ಗಲು ನೋಡುತ್ತದೆ, ಅಡ್ಡ ಬ್ರೇಸು ಬಿಡುವುದಿಲ್ಲ, ಎಳೆಯ ಉದ್ದಕ್ಕೂ ಸೀಳು ಬೀಳುತ್ತದೆ. ತೇವಾಂಶವನ್ನು ಶೇ. 45ರ ಆಸುಪಾಸಿಗೆ ಇಳಿಸಿದ ಕೋಣೆಯಲ್ಲಿ ಅಂಟಿಸಿ ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ದಾಂಡೇಲಿಯಲ್ಲಿ ಬೀಟೆ ಸಿಗುತ್ತದೆಯೇ ಎಂದು ಮಾತ್ರ ಕೇಳುತ್ತಾರೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯಲಾಗದ, 2017ರಿಂದ ತನ್ನ ಇಡೀ ಕುಲದೊಂದಿಗೆ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಮರಕ್ಕಾಗಿ ಇಷ್ಟು ಹಂಬಲವೇಕೆ? ನಾದ ಮೇಲ್ಹಲಗೆಯಲ್ಲಿದೆ ಸ್ವಾಮಿ, ಮೇಲ್ಹಲಗೆಯಲ್ಲಿದೆ!

ಬೀಟೆ ಭಾರವಾದದ್ದು, ಆದ್ದರಿಂದ ನಾದವೂ ಗಾಢ ಎನ್ನುವವರಿಗೆ ನನ್ನಲ್ಲಿ ಬೇರೆ ಉತ್ತರವಿಲ್ಲ; ಮೇಲ್ಹಲಗೆಯನ್ನು ಕೇಳಿ, ಅಷ್ಟೇ. ಮುಂದಿನ ಕಂತಿನಲ್ಲಿ ಒಂದೇ ಸ್ಪ್ರೂಸ್ ಹಲಗೆಯನ್ನು ಹಂತ ಹಂತವಾಗಿ ತೆಳುಗೊಳಿಸುತ್ತ ಪ್ರತಿ ಹಂತದ ಸದ್ದನ್ನೂ ಕೇಳಿಸುತ್ತೇನೆ, ಚಾನೆಲ್ಲಿಗೆ ಚಂದಾದಾರರಾಗಿ, ಹೆಡ್‌ಫೋನ್ ಹಾಕಿಕೊಂಡು ಕುಳಿತುಕೊಳ್ಳಿ. ಪೆಟ್ಟಿಗೆ ಎಂದು ಬರೆದ ಮಹನೀಯರು ತಮ್ಮ ಬೀಟೆಯ ಗಿಟಾರನ್ನು ಹಿಡಿದುಕೊಂಡು ಕಾರವಾರಕ್ಕೆ ಬರಲಿ. ಕಣ್ಣಿಗೆ ಕಟ್ಟಲು ಬಟ್ಟೆ ನಾನೇ ಕೊಡುತ್ತೇನೆ.