ದೊಡ್ಡದು ಇದೆಯಾ ನೋಡಿ, ಆಮೇಲೆ ಸಣ್ಣದು ಅಳಿಸಿ

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ. ಡೊಂಬಿವಲಿಯಲ್ಲಿ ಫೋಟೋ ಪ್ರಿಂಟ್ ಹಾಕುವ, ಹಳೆ ಫೋಟೋ ಸ್ಕ್ಯಾನ್ ಮಾಡುವ ಅಂಗಡಿ ನನ್ನದು. ನಮ್ಮ ಜನ ಅಲ್ಲಿಗೆ ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಮನೆಯಲ್ಲಿ ಅರವತ್ತರ ಶಾಂತಿ ಇದ್ದರೆ ಆಲ್ಬಮ್ ಬೇಕು. ಹಿರಿಯರು ಯಾರಾದರೂ ತೀರಿಕೊಂಡರೆ ಗೋಡೆಗೆ ಹಾಕಲು ಫೋಟೋ ಬೇಕು. ಮೊಬೈಲ್ ನನ್ನ ಕೈಗೆ ಕೊಟ್ಟು, "ಸಾವಿರಾರು ಫೋಟೋ ಇದೆ, ಒಂದು ಒಳ್ಳೇದು ನೀವೇ ಹುಡುಕಿ" ಅನ್ನುತ್ತಾರೆ. ಹುಡುಕಿದರೆ ಒಂದೇ ಫೋಟೋ ಐದು ಕಡೆ ಇರುತ್ತದೆ. ನಾಲ್ಕು ಮಸುಕು. ಚೆನ್ನಾಗಿರುವ ಐದನೆಯದು ಅಡಿಯಲ್ಲೆಲ್ಲೋ ಹೂತುಹೋಗಿರುತ್ತದೆ.

ಸಣ್ಣ ಪ್ರತಿಯಾದ್ದರಿಂದ ಮಸುಕಾಗುವ ಈ ಫೋಟೋಗಳನ್ನು ಹುಡುಕಿ ತೆಗೆಯುವುದು ಹೇಗೆ ಅಂತ ಇವತ್ತು ಹೇಳುತ್ತೇನೆ. ಆದರೆ ಮೊದಲೇ ಒಂದು ಮಾತು. ಸಣ್ಣದು ಅಂತ ಯಾವ ಫೋಟೋವನ್ನೂ ಅಳಿಸಬೇಡಿ. ಅದರ ದೊಡ್ಡ ಪ್ರತಿ ನಿಮ್ಮ ಹತ್ತಿರ ಇದ್ದರೆ ಮಾತ್ರ ಅಳಿಸಿ.

ಸಣ್ಣದು ಅಂದರೆ ಏನು? ಡಿಜಿಟಲ್ ಫೋಟೋ ಒಂದು ಚುಕ್ಕಿ ರಂಗೋಲಿ ಇದ್ದ ಹಾಗೆ. ಚುಕ್ಕಿ ಜಾಸ್ತಿ ಇದ್ದಷ್ಟೂ ವಿವರ ಜಾಸ್ತಿ. ಆ ಚುಕ್ಕಿಗೆ ಪಿಕ್ಸೆಲ್ ಅನ್ನುತ್ತಾರೆ. ನಿಮ್ಮ ಫೋನ್ ತೆಗೆಯುವ 12 ಮೆಗಾಪಿಕ್ಸೆಲ್ ಫೋಟೋದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ. ಅದನ್ನೇ ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಚುಕ್ಕಿಗೆ ಇಳಿಯುತ್ತದೆ. ಒಟ್ಟು 20 ಲಕ್ಷವೂ ಉಳಿಯುವುದಿಲ್ಲ. 4 ಇಂಚು 6 ಇಂಚಿನ ಪ್ರಿಂಟಿಗೆ ಅದು ಸಾಕು. ಗೋಡೆಗೆ 12 ಇಂಚು 18 ಇಂಚಿನದು ಬೇಕು ಅಂದರೆ ಇಂಚಿಗೆ 90 ಚುಕ್ಕಿಯೂ ಸಿಗುವುದಿಲ್ಲ. ಇಂಚಿಗೆ 200ರಿಂದ 300 ಇದ್ದರೆ ಚೆನ್ನಾಗಿ ಬರುತ್ತದೆ.

ಕಂಪ್ಯೂಟರಿನಲ್ಲಿ ಹುಡುಕುವುದು ಬಹಳ ಸುಲಭ. ವಿಂಡೋಸ್‌ನಲ್ಲಿ ಫೋಟೋ ಇರುವ ಫೋಲ್ಡರ್ ತೆರೆಯಿರಿ. 'ಡಿಟೇಲ್ಸ್' ನೋಟಕ್ಕೆ ಹೋಗಿ. ಮೇಲಿನ ಹೆಸರಿನ ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ವಿಡ್ತ್' ಅನ್ನುವುದನ್ನು ಸೇರಿಸಿ. ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಸಣ್ಣವೆಲ್ಲ ಒಂದು ಕಡೆ ಬಂದು ನಿಲ್ಲುತ್ತವೆ. ಇದಕ್ಕೆ ದುಡ್ಡು ಕೊಟ್ಟು ಆ್ಯಪ್ ಹಾಕಿಕೊಳ್ಳಬೇಕಾಗಿಲ್ಲ. "ಯಾವ ಆ್ಯಪ್ ಹಾಕಲಿ" ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ.

ಆದರೆ ಸಾಲಾಗಿ ನಿಂತಿವೆ ಅಂತ ಎಲ್ಲವನ್ನೂ ಒಟ್ಟಿಗೆ ಆರಿಸಿ ಡಿಲೀಟ್ ಒತ್ತಬೇಡಿ. ಯಾಕೆ ಅಂತ ಒಂದು ಮನೆಯ ಕಥೆ ಹೇಳುತ್ತೇನೆ.

ಕುರ್ಲಾದಲ್ಲಿ ಹೋಟೆಲ್ ನಡೆಸುವ ಒಬ್ಬರಿದ್ದಾರೆ. ಕುಂದಾಪುರ ಕಡೆಯವರು. ಅವರ ಮಗ ಕಂಪ್ಯೂಟರ್ ಕಲಿತ ಹುಡುಗ, ಚುರುಕು. ಒಂದು ಭಾನುವಾರ ಕೂತು ಮನೆಯ ಹಾರ್ಡ್ ಡಿಸ್ಕ್ ಕ್ಲೀನ್ ಮಾಡಿದ. ಒಂದು ಮೆಗಾಪಿಕ್ಸೆಲ್‌ಗಿಂತ, ಅಂದರೆ ಹತ್ತು ಲಕ್ಷ ಚುಕ್ಕಿಗಿಂತ, ಕಡಿಮೆ ಇದ್ದದ್ದನ್ನೆಲ್ಲ ಒಂದೇ ಏಟಿಗೆ ತೆಗೆದ. ಅಳಿಸಿದ್ದೆಲ್ಲ ಹೋಗಿ ಬೀಳುವ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದ. ಗುಡ್ ಮಾರ್ನಿಂಗ್ ಹೂವು, ದೇವರ ಚಿತ್ರ, ಯಾರದೋ ಮದುವೆ ಕರೆಯೋಲೆ ಎಲ್ಲ ಹೋಯಿತು. ಅವುಗಳ ಜೊತೆ 2005ರ ಜುಲೈ 26 ಕೂಡ ಹೋಯಿತು.

ಆ ದಿನ ನಿಮಗೂ ನೆನಪಿರಬೇಕು, ಅಲ್ವಾ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮೀಠಿ ನದಿ ಉಕ್ಕಿ ಕುರ್ಲಾ ಮುಳುಗಿತು. ಇವರ ಹೋಟೆಲಿಗೂ ನೀರು ನುಗ್ಗಿತು. ಯಜಮಾನರು ಅಟ್ಟದ ಮೇಲೆ ಹತ್ತಿ ಕೂತು ತಮ್ಮ ನೋಕಿಯಾ ಫೋನಿನಲ್ಲಿ ಕೆಲವು ಫೋಟೋ ತೆಗೆದಿದ್ದರು. ಆಗಿನ ಎಷ್ಟೋ ಕ್ಯಾಮೆರಾ ಫೋನುಗಳ ಶಕ್ತಿ ಇದ್ದದ್ದೇ ಅಡ್ಡಕ್ಕೆ 640, ಉದ್ದಕ್ಕೆ 480. ಅಂದರೆ ಬರೀ ಮೂರು ಲಕ್ಷ ಚುಕ್ಕಿ. ಅದಕ್ಕಿಂತ ದೊಡ್ಡ ಪ್ರತಿ ಎಲ್ಲಿಂದ ಬರಬೇಕು? ಆ ಸಣ್ಣದೇ ಅಸಲಿ.

ಕೆಲವು ತಿಂಗಳಾದ ಮೇಲೆ ಆ ಹೋಟೆಲಿನ ಹಳೆಯ ಅಡುಗೆ ಭಟ್ಟರು ಊರಲ್ಲಿ ತೀರಿಕೊಂಡರು. "ಅಪ್ಪನ ಮುಂಬಯಿಯ ಫೋಟೋ ಏನಾದರೂ ಇದ್ದರೆ ಕಳಿಸಿ" ಅಂತ ಅವರ ಮಗಳು ಫೋನ್ ಮಾಡಿದಳು. ಹುಡುಕಿದಾಗಲೇ ಗೊತ್ತಾದದ್ದು, ಇಲ್ಲ ಅಂತ. ಹಾರ್ಡ್ ಡಿಸ್ಕ್ ನನ್ನ ಹತ್ತಿರ ಬಂತು. ರಿಕವರಿ ಮಾಡಿ ನೋಡಿದೆ. ಆ ಜಾಗದ ಮೇಲೆ ಬೇರೆ ಫೈಲು ಬಂದು ಕೂತಿದ್ದವು. ಸಿಕ್ಕಿದ ಫೋಟೋಗಳಲ್ಲೂ ಮೇಲಿನ ಅರ್ಧ ಚಿತ್ರ, ಕೆಳಗಿನ ಅರ್ಧ ಬರೀ ಬೂದು ಬಣ್ಣ. ಕೊನೆಗೆ ಕಾಪುವಿನಲ್ಲಿರುವ ಯಜಮಾನರ ಅಕ್ಕನ ಮನೆಯಲ್ಲಿ ಒಂದು ಸಿ.ಡಿ. ಸಿಕ್ಕಿತು. ಆಗ ಊರವರಿಗೆ ತೋರಿಸಲು ಅಂತ ಹಾಕಿಸಿ ಕಳಿಸಿದ್ದಂತೆ. ಅದರಲ್ಲಿ ಭಟ್ಟರಿದ್ದರು. ಗಲ್ಲಾಪೆಟ್ಟಿಗೆಯ ಮಟ್ಟಕ್ಕೆ ನೀರು, ಅದರಲ್ಲಿ ಇಡ್ಲಿ ತಟ್ಟೆ ತೇಲುತ್ತಿದೆ. ಭಟ್ಟರು ಟೇಬಲಿನ ಮೇಲೆ ಟೇಬಲ್ ಇಟ್ಟು ಕೂತಿದ್ದಾರೆ, ಮಡಿಲಲ್ಲಿ ಪಂಪ್ ಸ್ಟವ್. ಪೋಸ್ಟ್ ಕಾರ್ಡಿಗಿಂತ ಸಣ್ಣದಾಗಿ ಪ್ರಿಂಟ್ ಹಾಕಿಕೊಟ್ಟೆ. ಮುಖ ಚೆನ್ನಾಗಿ ಗುರುತು ಸಿಗುತ್ತದೆ. "ಆ್ಯಪ್‌ನಲ್ಲಿ ಎಚ್‌ಡಿ ಮಾಡಿ ದೊಡ್ಡದು ಹಾಕಿ" ಅಂದರು. ಆಗಲ್ಲ ಅಂದೆ. ಆ ಆ್ಯಪ್‌ಗಳು ಇಲ್ಲದ ಕಣ್ಣು ಮೂಗನ್ನು ತಾವೇ ಊಹಿಸಿ ತುಂಬುತ್ತವೆ. ಬೇರೆ ಯಾರದೋ ಮುಖ ಆಗಿಬಿಡುತ್ತದೆ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಯಾವುದು ಅಸಲಿ, ಯಾವುದು ನಕಲು? ಆಂಡ್ರಾಯ್ಡ್ ಫೋನಿನಲ್ಲಿ ಫೈಲಿನ ಹೆಸರು ನೋಡಿ. ತಾರೀಕು ಆದ ಮೇಲೆ ಡಬ್ಲ್ಯೂ-ಎ ಅಂತ ಇದ್ದರೆ ಅದು ವಾಟ್ಸಾಪ್ ಮೂಲಕ ಬಂದದ್ದು. ಫೋಟೋದ ವಿವರ ತೆರೆದು ನೋಡಿ. ಕ್ಯಾಮೆರಾದ ಹೆಸರು ಇದ್ದರೆ ಸಾಮಾನ್ಯವಾಗಿ ಅದೇ ಅಸಲಿ. ವಾಟ್ಸಾಪ್ ಆ ವಿವರವನ್ನು ಕಿತ್ತುಹಾಕುತ್ತದೆ. ನಿಮ್ಮದೇ ಫೋನಿನಲ್ಲಿ ತೆಗೆದ ಫೋಟೋ ನಿಮಗೇ ಗುಂಪಿನಿಂದ ವಾಪಸ್ ಬಂದಿದ್ದರೆ, ಬಂದದ್ದನ್ನು ಧಾರಾಳವಾಗಿ ಅಳಿಸಿ. ಮೈದುನನ ಫೋನಿನಲ್ಲಿ ತೆಗೆದದ್ದಾದರೆ ಮೊದಲು ಅವನ ಹತ್ತಿರ ದೊಡ್ಡದು ಕೇಳಿ. 'ಡಾಕ್ಯುಮೆಂಟ್' ಅಂತ ಕಳಿಸಿದರೆ ಚುಕ್ಕಿ ಒಂದೂ ಕಡಿಮೆಯಾಗದೆ ಬರುತ್ತದೆ. ದೊಡ್ಡದು ಬಂದ ಮೇಲೆ ಸಣ್ಣದು ತೆಗೆಯಿರಿ.

ಐಫೋನ್ ಇರುವವರಿಗೆ ಐಒಎಸ್ 16ರಿಂದ 'ಡೂಪ್ಲಿಕೇಟ್ಸ್' ಅನ್ನುವ ಆಲ್ಬಮ್ ಇದೆ. 'ಮರ್ಜ್' ಒತ್ತಿದರೆ ಅದೇ ಚೆನ್ನಾಗಿರುವುದನ್ನು ಉಳಿಸಿಕೊಳ್ಳುತ್ತದೆ.

ಇನ್ನು, ಜಾಗ ಉಳಿಸಲು ಅಂತ ಸಣ್ಣ ಫೋಟೋ ಅಳಿಸುವವರು ಸುಮ್ನೆ ಕಷ್ಟಪಡುತ್ತಾರೆ. 100 ಕೆ.ಬಿ.ಯ ಸಾವಿರ ಫೋಟೋ ಅಳಿಸಿದರೂ ಸಿಗುವುದು 100 ಎಂ.ಬಿ. ಮಾತ್ರ. ಜಾಗ ಬೇಕಿದ್ದರೆ ವಿಡಿಯೋ ಅಳಿಸಿ. ಸಣ್ಣ ಫೋಟೋ ಅಳಿಸುವುದು, ಚೆನ್ನಾಗಿರುವ ಫೋಟೋ ಕಣ್ಣಿಗೆ ಬೀಳಲಿ ಅಂತ.

ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋ ಅಳಿಸಿದರೆ ಫೋನಿನಲ್ಲೂ ಹೋಗುತ್ತದೆ, ಗೂಗಲ್‌ನಲ್ಲೂ ಹೋಗುತ್ತದೆ. ಅದರ ಬಿನ್‌ನಲ್ಲಿ 60 ದಿನ ಇರುತ್ತದೆ. ಐಫೋನಿನಲ್ಲಿ 30 ದಿನ. ಆ ದಿನ ಮುಗಿಯುವುದರೊಳಗೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿನ್ ಒಮ್ಮೆ ತೋರಿಸಿ. ಅವರು ಬೇಕು ಅಂದದ್ದನ್ನು ವಾಪಸ್ ತನ್ನಿ. ಮಿಕ್ಕದ್ದು ಹೋಗಲಿ.

ನಮಸ್ಕಾರ.