ಅಪಘಾತ ಆಗಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತಲ್ಲ

ನಮಸ್ಕಾರ ಕೇಳುಗರೇ. ವಿಮಾನ ಹಾರಿಸೋ ಕಂಪನಿಗಳು ಒಳಗೊಳಗೆ ಸೇಫ್ಟಿನ ಹೇಗೆ ನೋಡ್ಕೋತಾವೆ ಅನ್ನೋದು ಇವತ್ತಿನ ಮಾತು. "ನಮ್ಮಲ್ಲಿ ಇಷ್ಟು ವರ್ಷದಿಂದ ಒಂದೂ ಆಕ್ಸಿಡೆಂಟ್ ಆಗಿಲ್ಲ" ಅಂತ ಯಾರಾದ್ರೂ ಎದೆ ತಟ್ಕೊಂಡು ಹೇಳಿದ್ರೆ ಸಂತೋಷ, ಆದ್ರೆ ಅಷ್ಟಕ್ಕೇ ನಂಬಿಬಿಡ್ಬೇಡಿ, ಯಾಕಂದ್ರೆ ಅಪಘಾತ ಆಗೋದೇ ಅಪರೂಪಕ್ಕೆ, ಆಗದೇ ಇರೋದು ಒಳಗಿನ ಶಿಸ್ತಿನಿಂದಾನೋ ಬರೀ ಅದೃಷ್ಟದಿಂದಾನೋ ಅನ್ನೋದು ಆ ಲೆಕ್ಕದಲ್ಲಿ ಗೊತ್ತಾಗಲ್ಲ.

1974ರ ಡಿಸೆಂಬರ್ 1ನೇ ತಾರೀಕು ಅಮೆರಿಕದಲ್ಲಿ ಟಿಡಬ್ಲ್ಯುಎ ಅನ್ನೋ ಕಂಪನಿಯ 514 ನಂಬರ್ ವಿಮಾನ ವಾಷಿಂಗ್ಟನ್‌ನ ನ್ಯಾಷನಲ್ ಏರ್‌ಪೋರ್ಟಲ್ಲಿ ಗಾಳಿ ಜೋರಿದೆ ಅಂತ ಡಲೆಸ್ ಏರ್‌ಪೋರ್ಟ್ ಕಡೆ ತಿರುಗ್ತು. ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್ ಅಪ್ರೋಚ್‌ಗೆ, ಅಂದ್ರೆ ರನ್‌ವೇ ಕಡೆ ಇಳಿದು ಬರೋಕೆ, ಕ್ಲಿಯರೆನ್ಸ್ ಕೊಟ್ರು. ಹಾಗಿದ್ರೆ 1,800 ಅಡಿಗೆ ಇಳೀಬಹುದು ಅಂತ ಪೈಲಟ್‌ಗಳು ತಿಳ್ಕೊಂಡ್ರು, ಚಾರ್ಟ್ ನೋಡಿ ಎತ್ತರ ಅವರೇ ನೋಡ್ಕೋತಾರೆ ಅಂತ ಕಂಟ್ರೋಲರ್ ತಿಳ್ಕೊಂಡ್ರು. ಎದುರಿಗೆ ಮೌಂಟ್ ವೆದರ್ ಅನ್ನೋ ಬೆಟ್ಟ ಇತ್ತು. 92 ಜನ ಹೋದ್ರು, ಒಬ್ಬರೂ ಉಳೀಲಿಲ್ಲ.

ಹೊಟ್ಟೆ ಉರಿಯೋ ವಿಷಯ ಏನಂದ್ರೆ, ಅದಕ್ಕೆ ಸುಮಾರು ಆರು ವಾರ ಮುಂಚೆ ಯುನೈಟೆಡ್ ಕಂಪನಿಯ ಒಂದು ವಿಮಾನ ಅದೇ ಜಾಗದಲ್ಲಿ ಅದೇ ಥರ ಅರ್ಥ ಮಾಡ್ಕೊಂಡು, ಅದೇ ಬೆಟ್ಟಕ್ಕೆ ಸ್ವಲ್ಪದರಲ್ಲಿ ಬಡಿಯೋದು ತಪ್ಪಿತ್ತು. ಆ ಪೈಲಟ್‌ಗಳು ಮುಚ್ಚಿಡ್ಲಿಲ್ಲ, ಕಂಪನಿಗೆ ಹೇಳಿದ್ರು, ಕಂಪನಿನೂ ತನ್ನ ಉಳಿದ ಪೈಲಟ್‌ಗಳಿಗೆ ಎಚ್ಚರ ಹೇಳ್ತು. ಆದ್ರೆ ಸುದ್ದಿ ಆ ಕಂಪನಿ ಗೋಡೆ ದಾಟಿ ಟಿಡಬ್ಲ್ಯುಎ ಪೈಲಟ್‌ಗಳ ಕಿವಿಗೆ ಬೀಳ್ಲಿಲ್ಲ.

ಇದಾದ್ಮೇಲೆ 1976ರಲ್ಲಿ ಎಎಸ್‌ಆರ್‌ಎಸ್ ಅನ್ನೋ, ಪೈಲಟ್‌ಗಳಂಥೋರು ತಮ್ಮ ತಪ್ಪನ್ನ ತಾವೇ ಬರೆದು ಕಳಿಸೋ ರಿಪೋರ್ಟಿಂಗ್ ವ್ಯವಸ್ಥೆ ಶುರುವಾಯ್ತು. ಅದನ್ನ ನಡೆಸೋಕೆ ಕೊಟ್ಟಿದ್ದು ನಾಸಾಗೆ. ನನಗೆ ಇದು ಬಹಳ ಜಾಣ ಕೆಲಸ ಅನ್ಸುತ್ತೆ. ಲೈಸೆನ್ಸ್ ಕಿತ್ಕೊಳ್ಳೋ ಅಧಿಕಾರ ಇರೋ ಎಫ್‌ಎಎ, ಅಂದ್ರೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ, ಮುಂದೆ ಹೋಗಿ "ನಾನು ತಪ್ಪು ಮಾಡ್ದೆ" ಅಂತ ಯಾರು ಹೇಳ್ತಾರೆ ಹೇಳಿ? ನಾಸಾ ದಂಡನೂ ಹಾಕಲ್ಲ, ಲೈಸೆನ್ಸೂ ಮುಟ್ಟಲ್ಲ, ರಿಪೋರ್ಟಿಂದ ಹೆಸರು ತೆಗೆದೇ ಮುಂದಕ್ಕೆ ಕೊಡುತ್ತೆ. ತಪ್ಪು ಬೇಕಂತ ಮಾಡಿದ್ದಲ್ಲ, 10 ದಿನದೊಳಗೆ ರಿಪೋರ್ಟ್ ಬರೆದಿದ್ದೀರ ಅಂದ್ರೆ ಶಿಕ್ಷೆಯಿಂದ ವಿನಾಯ್ತಿ ಸಿಗೋ ದಾರಿನೂ ಇದೆ. ಅಪಘಾತಕ್ಕೆ, ಕ್ರೈಮ್‌ಗೆ ಈ ರಕ್ಷಣೆ ಇಲ್ಲ.

ಇದನ್ನೇ ಕಂಪನಿಗಳ ಒಳಗೆ ಜಸ್ಟ್ ಕಲ್ಚರ್ ಅಂತಾರೆ, ಕೈ ತಪ್ಪಿ ಆದ ತಪ್ಪಿಗೆ ಕೆಲಸದಿಂದ ತೆಗೆಯಲ್ಲ, ಗೊತ್ತಿದ್ದೂ ನಿಯಮ ಗಾಳಿಗೆ ತೂರಿದೋರನ್ನ ಸುಮ್ನೆ ಬಿಡಲ್ಲ. ಹೇಳೋಕೆ ಸುಲಭ, ಇವೆರಡರ ನಡುವೆ ಗೆರೆ ಎಳೆಯೋದು ಕಷ್ಟ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್ 5390 ವಿಮಾನ ಹಾರ್ತಿದ್ದಾಗ ಕಾಕ್‌ಪಿಟ್‌ನ ಮುಂದಿನ ಗಾಜು ಕಿತ್ಕೊಂಡು ಹೋಗಿ ಕ್ಯಾಪ್ಟನ್ ಅರ್ಧ ಮೈ ಹೊರಗೆ ಎಳೆದುಹೋಯ್ತು, ಸಿಬ್ಬಂದಿ ಅವರ ಕಾಲು ಹಿಡ್ಕೊಂಡು ಕೂತ್ರು, ಕೋ-ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದ್ರು, ಪುಣ್ಯಕ್ಕೆ ಎಲ್ಲರೂ ಬದುಕಿದ್ರು. ಅದಕ್ಕೆ ಸ್ವಲ್ಪ ಮುಂಚಿನ ನೈಟ್ ಶಿಫ್ಟಲ್ಲಿ ಆ ಗಾಜು ಬದಲಾಯಿಸಿದ್ರು. 90 ಬೋಲ್ಟ್‌ಗಳಲ್ಲಿ 84 ಬೇಕಾದ್ದಕ್ಕಿಂತ ಒಂದು ಮಿಲಿಮೀಟರಿಗೂ ಕಮ್ಮಿ ಸಣ್ಣ.

ಗಾಜು ಬದಲಾಯಿಸಿದ ಮೇಂಟೆನೆನ್ಸ್ ಮ್ಯಾನೇಜರ್ ಹಳೇ ಬೋಲ್ಟ್ ಪಕ್ಕ ಹೊಸದನ್ನ ಇಟ್ಟು ಕಣ್ಣಳತೆಲೇ ಆರಿಸಿದ್ರು, ಅದೂ ಮಂದ ಬೆಳಕಲ್ಲಿ. ಸ್ಟೋರ್‌ನವರು ಸರಿಯಾದ ನಂಬರ್ ಹೇಳಿದ್ರೂ ಕೇಳ್ಲಿಲ್ಲ. ಹಾಗಾದ್ರೆ ತಪ್ಪು ಪೂರ್ತಿ ಅವರದೇ ಅಂತ ಫೈಲ್ ಮುಚ್ಚಬಹುದಿತ್ತು. ಆದ್ರೆ ಆ ಗಾಜಿನ ಕೆಲಸವನ್ನ ಇನ್ನೊಬ್ಬರು ಬಂದು ಚೆಕ್ ಮಾಡ್ಬೇಕು ಅನ್ನೋ ನಿಯಮಾನೇ ಇರ್ಲಿಲ್ಲ, ಒಬ್ಬರೇ ಮಾಡಿ ಒಬ್ಬರೇ ಸಹಿ ಹಾಕಿದ್ರೆ ಮುಗೀತು. ಆ ಮನುಷ್ಯನ್ನ ಕೆಲಸದಿಂದ ತೆಗೆದ್ರೂ ಆ ತೂತು ಅಲ್ಲೇ ಇರುತ್ತಲ್ಲ.

ಈಗ ಇದಕ್ಕೆಲ್ಲ ದೊಡ್ಡ ಚೌಕಟ್ಟಿದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಐಸಿಎಒ, 2013ರಿಂದ ಅನೆಕ್ಸ್ 19 ಅಂತ ಬೇರೆ ಅಧ್ಯಾಯಾನೇ ಜಾರಿಗೆ ತಂದಿದೆ. ಕಂಪನಿಗಳಲ್ಲಿ ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದ್ರೆ ಅಪಾಯಗಳನ್ನ ಮೊದಲೇ ಹುಡುಕಿ ಕಮ್ಮಿ ಮಾಡೋ ವ್ಯವಸ್ಥೆ, ಇರ್ಬೇಕು, ಅಕೌಂಟೆಬಲ್ ಎಕ್ಸಿಕ್ಯೂಟಿವ್ ಅಂತ ಒಬ್ಬರು ಹೊಣೆ ಹೊರ್ಬೇಕು, ಅವರ ಕೈಲಿ ದುಡ್ಡಿನ ಅಧಿಕಾರ ಇರ್ಬೇಕು, ಇಲ್ದಿದ್ರೆ ಸೇಫ್ಟಿ ಮ್ಯಾನೇಜರ್ ಎಷ್ಟು ಬಡ್ಕೊಂಡ್ರೂ ಬಜೆಟ್ ಸಿಗಲ್ಲ. ಅಪಾಯ ಅಳೆಯೋಕೆ ಹೆಚ್ಚಾಗಿ ರಿಸ್ಕ್ ಮ್ಯಾಟ್ರಿಕ್ಸ್ ಬಳಸ್ತಾರೆ, ಎಷ್ಟು ಸಲ ಆಗ್ಬಹುದು ಅನ್ನೋದು ಒಂದು ಕಡೆ, ಆದಾಗ ಎಷ್ಟು ಕೆಟ್ಟದಾಗುತ್ತೆ ಅನ್ನೋದು ಇನ್ನೊಂದು ಕಡೆ, ಕೆಂಪು ಹಳದಿ ಹಸಿರು ಮನೆಗಳು. ಒಳ್ಳೇ ಸಾಧನಾನೇ, ಆದ್ರೆ ಹೊಸ ರೂಟ್ ಶುರು ಮಾಡೋ ತಾರೀಕು ಮೊದಲೇ ನಿಗದಿಯಾಗ್ಬಿಟ್ಟಿದ್ರೆ ಅಪಾಯಕ್ಕೆ ಕೊಟ್ಟಿದ್ದ 4 ಅನ್ನೋ ನಂಬರ್ ಹೇಗೋ 2 ಆಗಿ ಎಲ್ಲಾ ಹಸಿರಾಗ್ಬಿಡುತ್ತೆ.

ಇನ್ನೊಂದು ಅಪಾಯ ಮ್ಯಾಟ್ರಿಕ್ಸಿಗೆ ಕಾಣೋದೇ ಇಲ್ಲ, ನಿಧಾನಕ್ಕೆ ಬರೋದು. ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-80 ವಿಮಾನಗಳ ಬಾಲದಲ್ಲಿರೋ ಒಂದು ಜ್ಯಾಕ್‌ಸ್ಕ್ರೂಗೆ, ಅಂದ್ರೆ ಬಾಲದ ರೆಕ್ಕೆನ ಮೇಲೆ ಕೆಳಗೆ ತಿರುಗಿಸೋ ದೊಡ್ಡ ಸ್ಕ್ರೂಗೆ, 1987ರಲ್ಲಿ ಪ್ರತಿ 500 ಗಂಟೆ ಹಾರಾಟಕ್ಕೆ ಗ್ರೀಸ್ ಹಾಕ್ಬೇಕಿತ್ತು. ಆಮೇಲೆ ಅವಧಿ ಬೆಳೀತಾ ಬಂತು, 1996ಕ್ಕೆ ಅದು 8 ತಿಂಗಳಿಗೊಮ್ಮೆ ಆಯ್ತು, ಅಂದ್ರೆ ಸುಮಾರು 2,550 ಗಂಟೆ. ಯಾರೂ ಕದ್ದುಮುಚ್ಚಿ ಮಾಡಿದ್ದಲ್ಲ, ಪ್ರೊಸೀಜರ್ ಪ್ರಕಾರವೇ ಬೆಳೆಸಿದ್ದು. 2000ದ ಜನವರಿ 31ರಂದು ಗ್ರೀಸ್ ಸಾಲದೆ ಥ್ರೆಡ್ ಸವೆದುಹೋಗಿ ಫ್ಲೈಟ್ 261 ಕ್ಯಾಲಿಫೋರ್ನಿಯಾ ಹತ್ರ ಸಮುದ್ರಕ್ಕೆ ಬಿತ್ತು, 88 ಜನ ಸತ್ರು. ಅದಕ್ಕೇ ಏನಾದ್ರೂ ಬದಲಾಯಿಸುವಾಗ ಹೋದ ಸಲಕ್ಕಿಂತ ಎಷ್ಟು ಜಾಸ್ತಿ ಅಂತ ಮಾತ್ರ ನೋಡ್ಬಾರ್ದು, ಮೊಟ್ಟಮೊದಲು ಎಷ್ಟಿತ್ತು, ಯಾಕಿತ್ತು ಅನ್ನೋದನ್ನೂ ಫೈಲಿಂದ ತೆಗೆದು ನೋಡ್ಬೇಕು.

ಇಂಥದ್ದು ಮೊದಲು ಕಣ್ಣಿಗೆ ಬೀಳೋದು ಗ್ರೀಸ್ ಗನ್ ಹಿಡಿದೋರಿಗೆ, ಸಾಮಾನು ಲೋಡ್ ಮಾಡೋರಿಗೆ. ಅವರು ರಿಪೋರ್ಟ್ ಬರೆದಾಗ "ನಿಮ್ದು ಬಂತು, ಇದನ್ನ ಮಾಡಿದ್ವಿ, ಇದನ್ನ ಮಾಡಕ್ಕಾಗ್ಲಿಲ್ಲ, ಕಾರಣ ಇದು" ಅಂತ ವಾಪಸ್ ಒಂದು ಉತ್ತರ ಹೋಗ್ಬೇಕು. ಎರಡು ಸಲ ಬರೆದು ಉತ್ತರ ಬರ್ಲಿಲ್ಲ ಅಂದ್ರೆ ಮೂರನೇ ಸಲ ಯಾರೂ ಬರೆಯಲ್ಲ, ಆ ತಿಂಗಳು ರಿಪೋರ್ಟ್ ಗ್ರಾಫ್ ಕೆಳಗಿಳಿಯುತ್ತೆ, ಮೀಟಿಂಗಲ್ಲಿ ಅದನ್ನ ಇಂಪ್ರೂವ್‌ಮೆಂಟ್ ಅಂತ ತೋರಿಸ್ತಾರೆ.

ನಮಸ್ಕಾರ.