ಕೀಲಿಯೇ ಇಲ್ಲದ ಗಡಿಯಾರ

ನಮ್ಮ ಕೋಣೆಯ ಮೂಲೆಯಲ್ಲಿ ಏಳೂವರೆ ಅಡಿ ಎತ್ತರಕ್ಕೆ ನಿಂತಿರುವ ಈ ಗ್ರಾಂಡ್‌ಫಾದರ್ ಗಡಿಯಾರವನ್ನು ಕೊಳ್ಳಬೇಕೆಂದು ನಾನು ಹೊರಟವನಲ್ಲ. ಮ್ಯಾಸಚೂಸೆಟ್ಸ್‌ಗೆ ಬಂದ ವರ್ಷವೇ ಗ್ರಾಫ್ಟನ್‌ನ ವಿಲ್ಲರ್ಡ್ ಗಡಿಯಾರ ಸಂಗ್ರಹಾಲಯಕ್ಕೆ ಹೋಗಿ, 1802ರಲ್ಲಿ ಬ್ಯಾಂಜೊ ವಾದ್ಯದ ಆಕಾರದ ಗೋಡೆ ಗಡಿಯಾರಕ್ಕೆ ಪೇಟೆಂಟ್ ಪಡೆದ ಸೈಮನ್ ವಿಲ್ಲರ್ಡ್ ಅದಕ್ಕೂ ಮೊದಲು ರಾಕ್ಸ್‌ಬರಿಯಲ್ಲಿ ಮಾಡುತ್ತಿದ್ದ ಹಿತ್ತಾಳೆ ಯಂತ್ರದ ಎತ್ತರದ ಗಡಿಯಾರಗಳಿಗೆ ಮನಸೋತಿದ್ದೆ. ಬೆಲೆ ತಿಳಿದ ಮೇಲೆ ಆ ಆಸೆ ತಾನಾಗಿಯೇ ತಣ್ಣಗಾಯಿತು.

ಮೊದಲು ನೋಡಿದ ಅಂಗಡಿಯಲ್ಲಿ ಡಯಲ್ ಮೇಲೆ ಹೆಸರಾಂತ ತಯಾರಕನ ಹೆಸರಿದ್ದ ಗಡಿಯಾರವೊಂದು ಕೈಗೆಟಕುವ ಬೆಲೆಗೆ ಸಿಗುತ್ತಿತ್ತು. ಡಯಲ್ ಮತ್ತು ಯಂತ್ರವನ್ನು ಮುಚ್ಚುವ ಮೇಲಿನ ಮರದ ಗೂಡನ್ನು, ಅಂದರೆ ಮುಸುಕನ್ನು, ತೆಗೆಸಿ ನೋಡಿದರೆ, ಯಂತ್ರ ಕೂರುವ ಹಲಗೆಯ ಕೆಳಗೆ ಹೊಸ ಮರದ ಚೂರುಗಳನ್ನು ಕೊಟ್ಟು ಎತ್ತರಿಸಿದ್ದರು. ಹಲಗೆಯಲ್ಲಿ ಯಾವ ಮೊಳೆಗೂ ಸೇರದ ಹಳೆಯ ತೂತುಗಳಿದ್ದವು. ಒಂದು ಪೆಟ್ಟಿಗೆಗೆ ಇನ್ನೊಂದರ ಯಂತ್ರವನ್ನು ಕೂರಿಸಿದ ಇಂಥ ಗಡಿಯಾರವನ್ನು ಇಲ್ಲಿನ ವ್ಯಾಪಾರಿಗಳು ‘ಮ್ಯಾರೇಜ್’ ಎನ್ನುತ್ತಾರೆ. ಮದುವೆ ಎಂಬ ಮಾತು ಬೆಲೆ ಇಳಿಸುವುದನ್ನು ನಾನು ಕಂಡದ್ದು ಈ ವ್ಯಾಪಾರದಲ್ಲಿ ಮಾತ್ರ.

ಇದು ಸಿಕ್ಕಿದ್ದು ಮೂರನೆಯ ಅಂಗಡಿಯಲ್ಲಿ. ಕನೆಕ್ಟಿಕಟ್‌ನ ಪ್ಲಿಮತ್‌ನಲ್ಲಿ ತಯಾರಾದ ಇದರ ಚಕ್ರಗಳು ಚೆರಿ ಮರದವು, ಅವುಗಳನ್ನು ಹಿಡಿದಿರುವ ಹಲಗೆಗಳು ಓಕ್ ಮರದವು. ಅದೇ ಸೀಮೆಯ ಎಲೈ ಟೆರಿ ಎಂಬಾತ ಮೂರು ವರ್ಷಗಳಲ್ಲಿ 4000 ಮರದ ಯಂತ್ರಗಳನ್ನು ಮಾಡಿಕೊಡುವೆನೆಂದು ಒಪ್ಪಿಕೊಂಡಾಗ ಜನ ನಂಬಿರಲಿಲ್ಲವಂತೆ. ಆತ ಮೊದಲ ವರ್ಷವನ್ನೆಲ್ಲ ನೀರಿನ ಬಲದಿಂದ ಓಡುವ ಯಂತ್ರೋಪಕರಣಗಳನ್ನು ಸಜ್ಜುಗೊಳಿಸುವುದರಲ್ಲೇ ಕಳೆದು, ಒಂದರ ಚಕ್ರ ಇನ್ನೊಂದಕ್ಕೂ ಹೊಂದುವಂತೆ ಉಳಿದ ಅವಧಿಯಲ್ಲಿ ಅಷ್ಟನ್ನೂ ಮಾಡಿ ಮುಗಿಸಿದ. ಊರೂರು ಸುತ್ತುವ ವ್ಯಾಪಾರಿಗಳಿಂದ ಜನ ಯಂತ್ರವನ್ನಷ್ಟೇ ಕೊಂಡು, ಪೆಟ್ಟಿಗೆಯನ್ನು ತಮ್ಮೂರ ಬಡಗಿಯಿಂದ ಮಾಡಿಸಿಕೊಳ್ಳುತ್ತಿದ್ದರು. ಹಾಗಾಗಿ ಪೆಟ್ಟಿಗೆ ಬೇರೆ ಕೈಯದು ಎಂಬುದು ಇಲ್ಲಿ ದೋಷವಲ್ಲ. ಎರಡೂ ಮೊದಲಿನಿಂದ ಜೊತೆಗಿದ್ದವೇ ಎಂಬುದನ್ನಷ್ಟೇ ನೋಡಬೇಕು. ಹಲಗೆಯಲ್ಲಿ ಹೆಚ್ಚಿನ ತೂತುಗಳಿರಲಿಲ್ಲ, ಡಯಲ್‌ನ ಅಂಚು ಮುಸುಕಿನ ಚೌಕಟ್ಟಿಗೆ ಸರಿಯಾಗಿ ಕೂರುತ್ತಿತ್ತು.

ಡಯಲ್‌ನಲ್ಲಿ ಕೀಲಿ ಕೊಡುವ ಎರಡು ತೂತುಗಳನ್ನು ಕಂಡು ನಾನು ಕೀಲಿ ಎಲ್ಲಿ ಎಂದು ಕೇಳಿದೆ. ಅಂಗಡಿಯ ಯಜಮಾನರು ನಕ್ಕು, ಹತ್ತಿರ ಹೋಗಿ ನೋಡಿ ಎಂದರು. ಅವು ತೂತುಗಳೇ ಅಲ್ಲ, ಬಣ್ಣದಲ್ಲಿ ಬರೆದವು! 30 ಗಂಟೆ ಮಾತ್ರ ಓಡುವ, ದಿನವೂ ಒಳಗಿನ ಹಗ್ಗ ಎಳೆದು ಭಾರವನ್ನು ಮೇಲೇರಿಸಬೇಕಾದ ಗಡಿಯಾರ, ನೆಂಟರ ಕಣ್ಣಿಗಾದರೂ ಕೀಲಿ ಕೊಟ್ಟರೆ ಎಂಟು ದಿನ ಓಡುವ ಗಡಿಯಾರವಾಗಿ ಕಾಣಲಿ ಎಂಬ ಉಪಾಯವದು. ನಾನು ಸೋತದ್ದು ಅಲ್ಲಿಯೇ. ಕಾಲುಗಳು ಹೊಸದಾಗಿ ಜೋಡಿಸಿದವು ಎಂದು ಅವರೇ ತೋರಿಸಿ ಬೆಲೆ ಇಳಿಸಿದರು.

ಭಾರಗಳನ್ನೂ ಲೋಲಕವನ್ನೂ ಮೊದಲು ಕಳಚಿ, ಮುಸುಕನ್ನು ಬೇರೆಯಾಗಿ ಕಂಬಳಿಯಲ್ಲಿ ಸುತ್ತಿ ತಂದೆವು. ಮನೆಯಲ್ಲಿ ನಿಲ್ಲಿಸಿದ ಹತ್ತೇ ನಿಮಿಷಕ್ಕೆ ಅದು ನಿಂತುಹೋಯಿತು. ಕಿವಿಗೊಟ್ಟು ಕೇಳಿದರೆ ಟಿಕ್‌ಗೂ ಟಾಕ್‌ಗೂ ನಡುವಿನ ಅಂತರ ಒಂದೇ ಸಮನಾಗಿರಲಿಲ್ಲ. ಕುಂಟುವವರ ಹೆಜ್ಜೆಯಂತೆ ಕೇಳುತ್ತಿತ್ತು. ನೆಲದ ಓರೆಗೆ ಎಡಗಾಲಿನಡಿ ರಟ್ಟಿನ ಎರಡು ಮಡಿಕೆ ಕೊಟ್ಟು, ಬೆನ್ನನ್ನು ಗೋಡೆಗೆ ತಿರುಪಿನಿಂದ ಬಿಗಿದ ಮೇಲೆ ಹೆಜ್ಜೆ ಸರಿಹೋಯಿತು. ಈಗ ಹಿನ್ನೆಲೆಯಲ್ಲಿ ನಿಮಗೆ ಕೇಳುತ್ತಿರುವುದು ಅದೇ ಸದ್ದು.